ಚಂದಯ್ಯ ಮಾಷ್ಟ್ರ ಕಪಾಟಿನ ಬೀರು

ಅಧ್ಯಕ್ಷತೆ ವಹಿಸಿರುವ ನಮ್ಮ ಹೆಡ್‌ಮಾಸ್ತರರೇ, ಎದುರಿನ ಬೆಂಚಿನಲ್ಲಿ ಕುಳಿತಿರುವ ರಾಜೀವಕ್ಕನವರೇ, ಅವರ ತವರಿನವರೇ, ಹೆಮ್ಮಾಡಿಯಿಂದ, ಶಂಕರನಾರಾಯಣದಿಂದ ಬಸ್ಸು ಹಿಡಿದು ಬಂದ ಹಳೆಯ ವಿದ್ಯಾರ್ಥಿಗಳೇ, ಊರಿನ ಹತ್ತು ಸಮಸ್ತರೇ — ಎಲ್ಲರಿಗೂ ಈ ರತ್ನಾಕರನ ನಮಸ್ಕಾರ.

ನಮ್ಮನ್ನು ಬಿಟ್ಟುಹೋದ ಚಂದಯ್ಯ ಮಾಷ್ಟ್ರ ಬಗ್ಗೆ ನಾಲ್ಕು ಮಾತು ಆಡಬೇಕೆಂದು ನನಗೆ ಹೇಳಿದ್ದಾರೆ. ಸಹಜವೇ. ಹತ್ತೊಂಬತ್ತು ವರ್ಷ ಇದೇ ಶಾಲೆಯಲ್ಲಿ ನಾವಿಬ್ಬರೂ ಒಂದೇ ಮೇಜಿನ ಆಚೆ ಈಚೆ ಕುಳಿತವರು. ಅವರು ಕನ್ನಡ, ನಾನು ಲೆಕ್ಕ ಮತ್ತು ವಿಜ್ಞಾನ. ಅವರ ಎಲೆಯಡಿಕೆ ಡಬ್ಬಿಯಲ್ಲಿ ಸುಣ್ಣ ಎಲ್ಲಿರುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲವನು ನಾನು.

ನನ್ನ ಜುಬ್ಬಾದ ಎಡಗಡೆ ಕಿಸೆಯಲ್ಲಿ ಒಂದು ಭಾಷಣ ಇದೆ. ಮೊನ್ನೆ ಕೂತು ಬರೆದದ್ದು. ಸರಳ ಸಜ್ಜನರು, ಮಿತಭಾಷಿಗಳು, ಶಿಷ್ಯವತ್ಸಲರು — ಎಲ್ಲ ಉಂಟು ಅದರಲ್ಲಿ. ಒಂದೂ ಸುಳ್ಳಲ್ಲ. ಆದರೆ ಅದನ್ನು ಓದುವ ಯೋಗ್ಯತೆ ನನಗಿಲ್ಲ. ಬಲಗಡೆ ಕಿಸೆಯಲ್ಲಿ ಇನ್ನೊಂದು ಕಾಗದ ಇದೆ — ಹನ್ನೊಂದು ವರ್ಷ ಹಳೆಯದು. ಅದನ್ನು ಓದಲಿಕ್ಕೆಂದೇ ನಾನು ಎದ್ದು ನಿಂತದ್ದು. ಆದರೆ ಅದು ನಿಮಗೆ ಅರ್ಥವಾಗಬೇಕಾದರೆ ಮೊದಲು ಬಿಯರಿನ ವಿಷಯ ಹೇಳಬೇಕು.

ಹೌದು, ಬಿಯರು. ಶ್ರದ್ಧಾಂಜಲಿ ಸಭೆಯಲ್ಲಿ ಇದೆಂತ ಮಾತು ಎಂದು ಹೆಡ್‌ಮಾಸ್ತರರು ನನ್ನ ಮುಖ ನೋಡುತ್ತಿದ್ದಾರೆ. ಕ್ಷಮಿಸಬೇಕು ಸರ್. ನಗು ಬಂದವರು ನಗಬಹುದು. ಚಂದಯ್ಯ ಮಾಷ್ಟ್ರೂ ನಗುತ್ತಿದ್ದರು.

ಈಗ ಕುಂದಾಪುರಕ್ಕೆ ಹೋದರೆ ಅಂಗಡಿಯಲ್ಲಿ ಬಾಟ್ಲಿಗಳನ್ನು ಸಾಲಾಗಿ ಇಟ್ಟಿರುವುದು ಕಾಣುತ್ತದೆ. ಆಗ ಹಾಗಲ್ಲ. ಪಾನನಿರೋಧದ ಕಾಲ. ಕಳ್ಳು ಅಂದರೆ ಎಂತ ಎಂದು ಎಲ್ಲರಿಗೂ ಗೊತ್ತು — ಗೊತ್ತಿಲ್ಲ ಅನ್ನುವವರಿಗೂ ಗೊತ್ತು. ಆದರೆ ಬಿಯರನ್ನು ಕಂಡವರು ಈ ಊರಿನಲ್ಲಿ ಒಬ್ಬರೂ ಇರಲಿಲ್ಲ. ಕಾಣದ್ದರ ಬಗ್ಗೆ ಮಾತಾಡುವಷ್ಟು ಸುಖ ಬೇರೆ ಯಾವುದರಲ್ಲಿ ಉಂಟು ಹೇಳಿ?

ಆ ಮಾತಿಗೆಲ್ಲ ನಾನೇ ಪಂಡಿತ. ಯಾಕೆಂದರೆ ನಾನು ಒಂದು ಬೇಸಗೆ ರಜೆಯಲ್ಲಿ ಬೊಂಬಾಯಿಗೆ ಹೋಗಿ ಭಾವನ ಹೋಟೆಲಿನಲ್ಲಿ ಇದ್ದು ಬಂದವನು. ಅಲ್ಲಿಯೂ ಪಾನನಿರೋಧವೇ! ಅದನ್ನು ನಾನು ಇಲ್ಲಿ ಯಾರಿಗೂ ಹೇಳಲಿಲ್ಲ. ನಾನು ನೋಡಿದ್ದು ಹಳೇ ಬಾಟ್ಲಿ ಕೊಳ್ಳುವವನ ಗೋಣಿಯಲ್ಲಿದ್ದ ಒಂದು ಖಾಲಿ ಬಾಟ್ಲಿ. ಎತ್ತಿ ಹೀಗೆ — ಮೂಗಿಗೆ ಹಿಡಿದು ಮೂಸಿದೆ. ಸೀಮೆಎಣ್ಣೆ ವಾಸನೆ ಬಂತು. ಯಾರೋ ಪುಣ್ಯಾತ್ಮರು ಅದರಲ್ಲಿ ಸೀಮೆಎಣ್ಣೆ ತುಂಬಿಸಿ ಇಟ್ಟಿದ್ದಿರಬೇಕು. ನಾನು ಊರಿಗೆ ಬಂದು, ಬಿಯರಿಗೆ ಎರಡು ಚಮಚ ಸೀಮೆಎಣ್ಣೆ ಹಾಕುವ ಕ್ರಮ ಉಂಟು ಎಂದು ಸಾರಿದೆ.

ನೊರೆ ಬರುವುದು ಹೇಗೆ? ಅಂಟುವಾಳಕಾಯಿ ಅರೆದು ಹಾಕುತ್ತಾರೆ ಎಂದೆ. ಅದಕ್ಕೆ ನಮ್ಮ ಜವಾನ ಐತ, ಇಲ್ಲೇ ಕಂಬದ ಹತ್ತಿರ ನಿಂತಿದ್ದಾನೆ, ಗಂಟೆಯ ಸುತ್ತಿಗೆ ಕೈಯಲ್ಲಿ ಹಿಡಿದುಕೊಂಡೇ ಕೇಳಿದ:

“ಹಾಂಗಾರೆ ಅದ್ ತಲೆಗ್ ಏರುದಾ, ತಲೆ ತೊಳುದಾ ಮಾಷ್ಟ್ರೆ?”

ಅಂಗಡಿ ಪದ್ದುವಿನದು ಇನ್ನೊಂದು. ಇಂಗ್ಲಿಷಿನಲ್ಲಿ ಕರಡಿಗೂ ಅಂಥದ್ದೇ ಏನೋ ಹೆಸರು ಉಂಟಲ್ಲ, ಇದು ಕರಡಿಯ ಹಾಲು ಹುಳಿಬರಿಸಿದ್ದು ಅಂತ. ಕರಡಿಯ ಹಾಲು ಕರೆಯುವವರು ಯಾರು ಎಂದು ಕೇಳಿದರೆ, “ಬಿಳಿಯರಿಗೆ ಎಂತ ಆತಿಲ್ಲ ಮಾರಾಯ್ರೆ?” ಎಂದು ನಮ್ಮ ಬಾಯಿ ಮುಚ್ಚಿಸಿದ.

ಆದರೆ ಬಿಯರು ಮಾಡುವುದು ಬಾರ್ಲಿಯಿಂದ ಎಂದು ಒಂದು ವಾರಪತ್ರಿಕೆಯಲ್ಲಿ ಓದಿದ್ದೆ. ಬಾರ್ಲಿ ನಮಗೆ ಗೊತ್ತಿರುವುದೇ, ಕಾಲು ಬಾತವರಿಗೆ, ಉರಿಮೂತ್ರದವರಿಗೆ ಗಂಜಿ ಮಾಡಿ ಕೊಡುತ್ತೇವೆ. ಬಾರ್ಲಿ ಗಂಜಿಗೆ ಗೋಲಿ ಸೋಡಾ ಸೇರಿಸಿದರೆ ಬಿಯರು ಎಂದು ನಾನು ತೀರ್ಪು ಕೊಟ್ಟೆ. ಅದು ಪಾಕವಾಗುವಾಗ ಹೊರಗಿನವರ ಕಣ್ಣು ಬೀಳಬಾರದು, ಬಿದ್ದರೆ ಕೆಡುತ್ತದೆ, ಅದಕ್ಕೇ ಬಾಗಿಲು ಹಾಕಿ ಮಾಡುತ್ತಾರೆ, ಬಾಟ್ಲಿಯೂ ಕಂದು ಬಣ್ಣದ್ದು — ಇದು ನನ್ನ ಸ್ವಂತ ಸಂಶೋಧನೆ. ಈ ಬಾಗಿಲು ಹಾಕುವ ವಿಷಯವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಚಂದಯ್ಯ ಮಾಷ್ಟ್ರು ಎಲೆಗೆ ಸುಣ್ಣ ಸವರುತ್ತಾ ಎಲ್ಲ ಕೇಳಿ, “ರತ್ನಾಕರ ಮಾಷ್ಟ್ರೆ, ನಿಮ್ಮ ಬಿಯರ್ ಕುಡುದಕ್ಕಿಂತ ಕೇಂಬುದೇ ಲಾಯ್ಕ್” ಎಂದರು. ಆಮೇಲೆ ಮೆಲ್ಲಗೆ, “ದೋಸೆ ಹಿಟ್ಟ್ ಹುಳಿ ಬತ್ತಲ್ದಾ? ಅದೂ ಒಂದ್ ನಮೂನಿ ಹಾಂಗೇ. ಅಂಟ್ವಾಳವೂ ಇಲ್ಲ, ಕರಡಿಯೂ ಇಲ್ಲ” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಮಾತ್ರ ನನಗೆ ಉರಿಯಿತು. ವಿಜ್ಞಾನದ ಮಾಷ್ಟ್ರು ನಾನು, ಹುಳಿ ಬರುವುದನ್ನು ಕನ್ನಡದ ಮಾಷ್ಟ್ರು ಹೇಳಿಕೊಡಬೇಕೆ?

ಇನ್ನೊಂದು ಸಂಗತಿ. ಇಲ್ಲಿರುವ ಹಳೆಯ ವಿದ್ಯಾರ್ಥಿಗಳಿಗೆ ಗೊತ್ತು, ನನಗೊಂದು ಅಡ್ಡಹೆಸರು ಉಂಟು. ಹೌದು — ‘ಒತ್ತು ಮಾಷ್ಟ್ರು’. ಅದು ಬಂದದ್ದು ಹೀಗೆ. ಅರವತ್ತೊಂದನೇ ಇಸವಿ. ಶಾಲೆಯ ನೋಟೀಸು ಬೋರ್ಡಿನಲ್ಲಿ ನಾನು ಸೀಮೆಸುಣ್ಣದಲ್ಲಿ ಬರೆದಿದ್ದೆ, ‘ಬಾವಿಯ ಹಗ್ಗ ಹರಿದಿದೆ. ಆದುದ್ದರಿಂದ ಮಕ್ಕಳು ನೀರು ತರಬೇಕು.’ ಚಂದಯ್ಯ ಮಾಷ್ಟ್ರು ಆ ದಾರಿಯಾಗಿ ಬಂದರು, ನಿಂತರು, ಬೆರಳಿನಿಂದ ದಕಾರದ ಒತ್ತನ್ನು ಒರೆಸಿದರು. “ಒಂದ್ ಒತ್ತ್ ಜಾಸ್ತಿ ಆಯ್ತ್ ಮಾಷ್ಟ್ರೆ. ‘ಆದುದರಿಂದ’ ಅಷ್ಟೇ” ಎಂದರು. ಅವರಿಗೆ ಅದು ಎಲೆಯ ತೊಟ್ಟು ಮುರಿದಷ್ಟು ಸಲೀಸು. ಆದರೆ ಹಿಂದೆ ಏಳನೇ ಕ್ಲಾಸಿನ ಮಕ್ಕಳು ಸಾಲಾಗಿ ನಿಂತಿದ್ದರು. ಕಿಸಕ್ಕನೆ ನಕ್ಕರು. ಮರುದಿನದಿಂದ ನಾನು ಒತ್ತು ಮಾಷ್ಟ್ರು.

ಒಂದು ಒತ್ತು. ಅದಕ್ಕೋಸ್ಕರ ನಾನು ಏನು ಮಾಡಿದೆ ಎಂದು ಹೇಳಲು ನನಗೆ ಈಗ ನಾಲಗೆ ಏಳುತ್ತಿಲ್ಲ. ಹೇಳುತ್ತೇನೆ.

ಆ ದಿನಗಳಲ್ಲಿ ಚಂದಯ್ಯ ಮಾಷ್ಟ್ರು ಪದ್ದುವಿನ ಅಂಗಡಿಯಿಂದ ಬಾರ್ಲಿ ಒಯ್ಯುತ್ತಿದ್ದರು. ಸಂಜೆ ಶಾಲೆ ಬಿಟ್ಟು ಮನೆಗೆ ಹೋದ ಕೂಡಲೇ ಬಾಗಿಲು ಹಾಕಿಕೊಳ್ಳುತ್ತಿದ್ದರು. ಗಂಡಹೆಂಡತಿ, ಅವರು ಮತ್ತು ರಾಜೀವಕ್ಕ, ಇಬ್ಬರೇ ಇರುವ ಮನೆ, ಮಕ್ಕಳಿಲ್ಲ. ಹಗಲು ಬೆಳಕು ಇರುವಾಗ ಬಾಗಿಲು ಹಾಕುವವರು ನಮ್ಮೂರಿನಲ್ಲಿ ಯಾರು? ಬಾರ್ಲಿ, ಮುಚ್ಚಿದ ಬಾಗಿಲು — ನನ್ನ ಸಂಶೋಧನೆಗೆ ಸರಿಯಾಗಿ ಹೊಂದಿತು. ನಾನು ನಿಜವಾಗಿ ನಂಬಿದ್ದೆನೇ? ಹನ್ನೊಂದು ವರ್ಷದಿಂದ ನನ್ನನ್ನೇ ನಾನು ಕೇಳುತ್ತಿದ್ದೇನೆ. ಅರ್ಧ ನಂಬಿದ್ದೆ. ಉಳಿದರ್ಧ, ನಂಬಬೇಕೆಂದು ಆಸೆಪಟ್ಟೆ.

ನಾನು ಒಂದು ಮೂಗರ್ಜಿ ಬರೆದೆ.

ಹೌದು, ನಾನೇ. ಹೆಸರಿಲ್ಲದ ಅರ್ಜಿ. ಗುರುತು ಸಿಗಬಾರದೆಂದು ಎಡಗೈಯಲ್ಲಿ ಬರೆದೆ. ಹೆಮ್ಮಾಡಿಗೆ ನಡೆದುಹೋಗಿ ಅಲ್ಲಿಯ ಟಪಾಲು ಡಬ್ಬಿಗೆ ಹಾಕಿ ಬಂದೆ. ಬರುವಾಗ ಚಾ ಕುಡಿದು ಎರಡು ಗೋಳಿಬಜೆ ತಿಂದೆ. ಅದೂ ನೆನಪಿದೆ ನನಗೆ.

ಈಗ ಶಬ್ದದ ಒಂದು ವಿಚಾರ. ನಾವು ಇಲ್ಲಿ ಬಿಯರಿಗೆ ಆಗ ಬೀರು ಎನ್ನುತ್ತಿದ್ದೆವು. ಅರ್ಜಿಯಲ್ಲಿಯೂ ಹಾಗೇ ಬರೆದೆ, ‘ಒಳಕೋಣೆಯಲ್ಲಿ ಬೀರು ಇದೆ.’ ಬಟ್ಟೆಬರೆ ಇಡುವುದಕ್ಕೆ ನಮ್ಮಲ್ಲಿ ಕಪಾಟು ಎನ್ನುತ್ತೇವೆ. ಆದರೆ ರಾಜ್ಯ ಒಂದಾದ ಮೇಲೆ ಮೈಸೂರು ಕಡೆಯ ಅಧಿಕಾರಿಗಳು ಇಲ್ಲಿಗೆ ಬರತೊಡಗಿದ್ದರಲ್ಲ? ಅವರ ಊರಿನಲ್ಲಿ ಕಪಾಟಿಗೇ ಬೀರು ಅನ್ನುತ್ತಾರೆ! ಅರ್ಜಿ ಸಿಕ್ಕಿದ್ದು ಪಾನನಿರೋಧದ ಅಂಥ ಒಬ್ಬ ಅಧಿಕಾರಿಗೆ. ಒಳಕೋಣೆಯಲ್ಲಿ ಬೀರು ಇದೆ ಎಂದು ಓದಿದವರು, ಮಾಲು ಇರುವುದು ಕಪಾಟಿನೊಳಗೆ ಎಂದು ತಿಳಿದುಕೊಂಡರು.

ಶನಿವಾರ. ಅರ್ಧ ದಿನದ ಶಾಲೆ ಬಿಟ್ಟಿತ್ತು. ಜೀಪು ಬಂತು. ಜೀಪು ಬಂದರೆ ಊರು ಬರುತ್ತದೆ. ಮಾಷ್ಟ್ರ ಅಂಗಳ ತುಂಬಿತು. ನಾನೂ ಹೋದೆ. ಹೋಗದೇ ಇರಬಹುದಿತ್ತು. ಹೋದೆ.

ಒಲೆಯ ಮೇಲೆ ಒಂದು ಮಡಕೆ ಇತ್ತು. ಅಧಿಕಾರಿ ಮುಚ್ಚಳ ತೆಗೆದು ಮೂಸಿದರು. ಬೆರಳು ಅದ್ದಿ ನಾಲಗೆಗೆ ಹಚ್ಚಿಕೊಂಡರು. ರಾಜೀವಕ್ಕ ಬಾಗಿಲ ಮರೆಯಿಂದ ಪಾಪ, ಅತಿಥಿಗೆ ಹೇಳುವ ಹಾಗೆ ಹೇಳಿದರು:

“ಉಪ್ಪ್ ಹಾಕ್ಲಿಲ್ಲ. ಕಾಲ್ ಬಾತದ್ದಕ್ಕೆ ಉಪ್ಪ್ ಬ್ಯಾಡ ಅಂದಿರ್ ಡಾಕ್ಟ್ರ್.”

ಜನ ನಕ್ಕರು. ಅಧಿಕಾರಿಗೂ ನಗು ಬಂತು. ಅವರು ಒರಟು ಮನುಷ್ಯರೇನಲ್ಲ. ಅಲ್ಲಿಗೇ ಬಿಟ್ಟು ಹೋಗುತ್ತಿದ್ದರೋ ಏನೋ. ಆದರೆ ಅರ್ಜಿಯಲ್ಲಿ ಬೀರು ಎಂದು ಇತ್ತಲ್ಲ?

“ಬೀರು ಎಲ್ಲಿದೆಯಮ್ಮ? ಬೀಗದ ಕೈ ಕೊಡಿ” ಎಂದರು.

“ಬೀರಾ? ಅದೆಂತದ್? ನಮ್ಮನೀಲ್ ಅಂತಾದ್ದೆಲ್ಲ ಇಲ್ಲ” ಎಂದರು ರಾಜೀವಕ್ಕ.

“ಎದುರಿಗೇ ಇದೆ, ಇಲ್ಲ ಅಂತೀರಲ್ಲ!” ಎಂದು ಅವರು ಕಪಾಟು ತೋರಿಸಿದರು. ರಾಜೀವಕ್ಕ ಬೀಗದ ಕೈಯನ್ನು ಸೊಂಟದಲ್ಲಿ ಗಟ್ಟಿ ಹಿಡಿದುಕೊಂಡರು. ಕೊಡಲಿಲ್ಲ. ಕೊಡದೆ ಇದ್ದದ್ದೇ ಅನುಮಾನವಾಯಿತು. ಚಂದಯ್ಯ ಮಾಷ್ಟ್ರು, “ಸರ್, ಅದ್ರಲ್ಲಿ ನಿಮಗೆ ಬೇಕಾದ್ದು ಏನೂ ಇಲ್ಲ. ಬಾಗಿಲು ಹಾಕಿ, ನಿಮಗೊಬ್ಬರಿಗೇ ತೋರಿಸ್ತೇನೆ” ಎಂದು ಎರಡು ಸಲ ಕೈ ಮುಗಿದರು. ಆ ಕೈ ಮುಗಿದದ್ದನ್ನು ನಾನು ಅಂಗಳದಿಂದ ಕಿಟಕಿಯಲ್ಲಿ ಕಂಡೆ. ಆಗಲಾದರೂ ನಾನು ಒಳಗೆ ನುಗ್ಗಿ ನಿಲ್ಲಿಸಬಹುದಿತ್ತು.

ಕಪಾಟು ತೆರೆದರು. ಎರಡು ಸೀರೆ. ಮಾಷ್ಟ್ರ ಒಂದು ಕೋಟು. ಸೀರೆಗಳ ನಡುವೆ ಬಟ್ಟೆಯಲ್ಲಿ ಸುತ್ತಿಟ್ಟ ಚಪ್ಪಟೆ ಗಂಟು. ಬಿಡಿಸಿದರು. ಒಂದು ಸ್ಲೇಟು, ಒಂದು ತುಂಡು ಬಳಪ, ಒಂದನೇ ಕ್ಲಾಸಿನ ಪುಸ್ತಕ.

ಅಧಿಕಾರಿಯ ಜೊತೆ ಬಂದಿದ್ದ ಜವಾನ ಸ್ಲೇಟನ್ನು ಜಗಲಿಗೆ ತಂದು ಎತ್ತಿ ಹಿಡಿದ. ಸೊಟ್ಟಸೊಟ್ಟ ಅಕ್ಷರ. “ಇದ್ ಯಾವ ಮಗೀಂದ್?” ಎಂದು ಯಾರೋ ಕೇಳಿದರು. ಮಕ್ಕಳಿಲ್ಲದ ಮನೆಯಲ್ಲಿ. ಆಮೇಲೆ ಬಾಗಿಲ ಹಿಂದಿನಿಂದ —

“ನಂದ್.”

ಕನ್ನಡ ಮಾಷ್ಟ್ರ ಹೆಂಡತಿಗೆ ಓದುಬರಹ ಬರುವುದಿಲ್ಲ ಎಂದು ಈ ಊರಿಗೆ ಗೊತ್ತಾದದ್ದು ಹಾಗೆ. ಮುಚ್ಚಿದ ಬಾಗಿಲ ಹಿಂದೆ ದಿನಾ ಸಂಜೆ ನಡೆಯುತ್ತಿದ್ದದ್ದು ಅದು. ಮೂವತ್ತೆಂಟು ವರ್ಷದ ಹೆಂಗಸು ನಾಚಿಕೆ ಬಿಟ್ಟು ಸ್ಲೇಟು ಹಿಡಿದಿದ್ದರು. ಯಾರಿಗೂ ಗೊತ್ತಾಗಬಾರದು ಎಂಬುದೊಂದೇ ಅವರ ಷರತ್ತು. ಇದನ್ನು ಚಂದಯ್ಯ ಮಾಷ್ಟ್ರು ನನಗೆ ಆಮೇಲೆ ಹೇಳಿದ್ದು.

ಇನ್ನೂ ಮುಗಿಯಲಿಲ್ಲ. ಆ ಜವಾನ ಸ್ಲೇಟಿನಲ್ಲಿದ್ದದ್ದನ್ನು ಗಟ್ಟಿಯಾಗಿ ಓದಿದ. “ಬ — ಬಾ — ಬಿ — ಬೀ —” ಅಷ್ಟೇ ಇತ್ತು. ಅಲ್ಲಿಗೆ ಅವರ ಪಾಠ ನಿಂತಿತ್ತು. ಅವನೂ ನಿಂತ. ಆಗ ಅಂಗಳದಿಂದ ಒಬ್ಬ ಕೂಗಿದ —

“ರು!”

ಬೀ-ರು! ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಿಮ್ಮಲ್ಲಿ ಎಷ್ಟೋ ಮಂದಿ ಅಲ್ಲಿದ್ದಿರಿ. ಕೂಗಿದವನು ಯಾರು ಎಂದು ನಿಮಗೆ ನೆನಪಿದೆಯೋ ಇಲ್ಲವೋ — ನನಗೆ ನೆನಪಿದೆ. ನಾನು. ಅರ್ಜಿ ಬರೆದದ್ದಾದರೂ ಸಿಟ್ಟಿನಲ್ಲಿ ಬರೆದೆ ಎಂದುಕೊಳ್ಳೋಣ. ಇದನ್ನು ಸಿಟ್ಟಿನಲ್ಲಿ ಮಾಡಿದ್ದಲ್ಲ. ನಾಲ್ಕು ಜನ ನಗಲಿ ಎಂದು ಮಾಡಿದೆ. ಇದಕ್ಕಿಂತ ಹೀನ ಕೆಲಸವನ್ನು ನಾನು ನನ್ನ ಜನ್ಮದಲ್ಲಿ ಮಾಡಲಿಲ್ಲ.

ಅಧಿಕಾರಿ ಜನರನ್ನು ಗದರಿಸಿ ಚದುರಿಸಿದರು. ಮಾಷ್ಟ್ರ ಹತ್ತಿರ ಕ್ಷಮೆ ಕೇಳಿ, “ಇದು ನಿಮ್ಮವರೇ ಯಾರೋ ಬರೆದದ್ದು. ನನಗೆ ಬೇಡ, ನೀವೇ ಇಟ್ಟುಕೊಳ್ಳಿ” ಎಂದು ಆ ಮೂಗರ್ಜಿಯನ್ನು ಅವರ ಕೈಗೇ ಕೊಟ್ಟು ಹೋದರು. ಇದು ನನಗೆ ಆ ದಿನ ಗೊತ್ತಿರಲಿಲ್ಲ.

ಸೋಮವಾರ ಚಂದಯ್ಯ ಮಾಷ್ಟ್ರು ಹೊತ್ತಿಗೆ ಸರಿಯಾಗಿ ಶಾಲೆಗೆ ಬಂದರು. ಎಲೆಯಡಿಕೆ ಡಬ್ಬಿ ತೆಗೆದು ಎಂದಿನ ಹಾಗೆ ಮೊದಲು ನನ್ನ ಕಡೆಗೆ ಸರಿಸಿದರು. ನಾನು ತೆಗೆದುಕೊಂಡೆ! ಒಂದು ವಾರ ಕಳೆದು, “ಮನೀಲಿ ಸ್ಲೇಟ್ ಮುಟ್ಟುದೇ ಇಲ್ಲ ಅಂತ್ರ್ ಮಾಷ್ಟ್ರೆ. ಬಕಾರದವರೆಗೆ ಬಂದಿತ್ತ್. ಇನ್ ಸ್ವಲ್ಪವೇ ಇತ್ತ್” ಎಂದರು. ನನಗೆ ಹೇಳಿದರು ನೋಡಿ. ನಾನು, “ಬತ್ತ್ರ್ ಬಿಡಿ, ನಿಧಾನಕ್ಕೆ ಬತ್ತ್ರ್” ಎಂದು ಸಮಾಧಾನ ಹೇಳಿದೆ. ರಾಜೀವಕ್ಕ ಮತ್ತೆ ಸ್ಲೇಟು ಮುಟ್ಟಲಿಲ್ಲ. ಮನೆಯ ಬಾಗಿಲು ಆಮೇಲೆ ಎಂದೂ ಹಗಲು ಹೊತ್ತು ಮುಚ್ಚಲಿಲ್ಲ.

ಇನ್ನೊಂದು ಬದಲಾವಣೆ ಆಯಿತು. ಚಂದಯ್ಯ ಮಾಷ್ಟ್ರು ನನ್ನ ಕನ್ನಡವನ್ನು ತಿದ್ದುವುದು ನಿಲ್ಲಿಸಿದರು. ಮಕ್ಕಳನ್ನು ತಿದ್ದುತ್ತಿದ್ದರು, ಹೆಡ್‌ಮಾಸ್ತರರನ್ನೂ ತಿದ್ದುತ್ತಿದ್ದರು. ನನ್ನ ಬರಹ ಕಣ್ಣಿಗೆ ಬಿದ್ದರೆ ಸುಮ್ಮನೆ ಓದಿ ಆಚೆ ಇಡುತ್ತಿದ್ದರು. ಹನ್ನೊಂದು ವರ್ಷ ನಾನು ಏನೆಂದುಕೊಂಡೆ ಗೊತ್ತುಂಟೆ? ನನ್ನ ಕನ್ನಡ ಸುಧಾರಿಸಿದೆ ಎಂದುಕೊಂಡೆ.

ನಡುವೆ ಪಾನನಿರೋಧ ಹೋಯಿತು. ಕುಂದಾಪುರದಲ್ಲಿ ಅಂಗಡಿ ಬಂತು. ನಾನು ಕದ್ದು ಹೋಗಿ ಒಂದು ಬಾಟ್ಲಿ ಕುಡಿದು ನೋಡಿದೆ. ಕಿರಾತಕಡ್ಡಿ ಕಷಾಯದ ಹಾಗೆ ಕಹಿ. ಅಂಟುವಾಳ ಇಲ್ಲ, ಸೀಮೆಎಣ್ಣೆ ಇಲ್ಲ, ಬಾರ್ಲಿ ಗಂಜಿಯ ರುಚಿ ಮೊದಲೇ ಇಲ್ಲ. ಅರ್ಧ ಚೆಲ್ಲಿದೆ. ಇದಕ್ಕೋಸ್ಕರವೇ ನಾನು ಅವರ ಕಪಾಟು ತೆಗೆಸಿದ್ದು ಎಂದು ಅನ್ನಿಸಿತು. ಆ ಸಂಜೆಯೇ ಅವರ ಮನೆಗೆ ಹೋಗಿ ಹೇಳಿಬಿಡೋಣ ಎಂದುಕೊಂಡೆ. ಬಾಯಿ ವಾಸನೆ ಬರುತ್ತದೆ, ನಾಳೆ ಹೇಳುವ ಎಂದುಕೊಂಡೆ. ಆ ನಾಳೆ ಬರಲಿಲ್ಲ.

ಈಗ ಮಾಷ್ಟ್ರು ಹೋದರು. ಬೊಜ್ಜ, ಉತ್ತರಕ್ರಿಯೆ ಎಲ್ಲ ಕಳೆದು ಒಂದು ವಾರಕ್ಕೆ, ಮೊನ್ನೆ ಗುರುವಾರ ಮಧ್ಯಾಹ್ನ, ರಾಜೀವಕ್ಕ ನಮ್ಮ ಮನೆಗೆ ಬಂದರು. ಸೆರಗಿನ ಗಂಟು ಬಿಡಿಸಿ ಮಡಚಿದ ಕಾಗದ ಒಂದನ್ನು ನನ್ನ ಕೈಗೆ ಕೊಟ್ಟರು.

“ಹ್ವಾಯ್ ಮಾಷ್ಟ್ರೆ, ಇದ್ ಅವ್ರ ಕೋಟಿನ ಒಳ್ಗಿನ ಕಿಸಿಯಂಗ್ ಇತ್ತ್. ಇಷ್ಟ್ ವರ್ಷ ಜೋಪಾನ ಮಾಡ್ರ್, ನಂಗ್ ಒಂದ್ ಮಾತ್ ಹೇಳ್ಲಿಲ್ಲ. ಮನೀಲಿ ತವರಿನರ್ ಓದುವರ್ ಇದ್ರ್. ಆರೆ ಅವ್ರ ಗುಟ್ಟ್ ಎಂತಿತ್ತೋ ಏನೋ. ನೀವ್ ಅವ್ರ ಸಂಗಾತಿ ಅಲ್ದಾ, ನೀವೇ ಓದಿ ಹೇಳಿ.”

ಬಿಚ್ಚಿದೆ. ನನ್ನ ಎಡಗೈ ಬರಹ.

ಸಭಿಕರೇ, ಅದರಲ್ಲಿ ಎಲ್ಲಿಯೂ ಏನೂ ಗೀಚಿರಲಿಲ್ಲ. ಒಂದೇ ಒಂದು ಕಡೆ ಕೆಂಪು ಪೆನ್ಸಿಲಿನ ಸಣ್ಣ ಸೊನ್ನೆ ಇತ್ತು. ಒಂದು ಒತ್ತಿನ ಸುತ್ತ. ಎಡಗೈಯಲ್ಲಿ ಬರೆದರೂ ತಪ್ಪು ಬಲಗೈಯದ್ದೇ ಅಲ್ಲವೇ? ಜೀಪು ಹೋದ ದಿನವೇ ಅವರಿಗೆ ಗೊತ್ತಾಗಿತ್ತು. ಗೊತ್ತಿದ್ದೂ ಸೋಮವಾರ ಡಬ್ಬಿ ಸರಿಸಿದರು.

ರಾಜೀವಕ್ಕ ಕಾಯುತ್ತಿದ್ದರು. ನಾನು ಏನು ಮಾಡಿದೆ? ಮತ್ತೊಂದು ಸುಳ್ಳು ಹೇಳಿದೆ. “ಯಾರೋ ಹುಡ್ಗನ ಪ್ರಬಂಧ ಅಕ್ಕ. ಮಾಷ್ಟ್ರು ತಿದ್ದಿ ಇಟ್ಟದ್ದ್” ಎಂದೆ.

ಅವರು ಕೆಂಪು ಸೊನ್ನೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. “ಹಾಂಗಾರೆ ಇದನ್ನ ಆ ಹುಡ್ಗಂಗೇ ಕೊಡಿ ಮಾಷ್ಟ್ರೆ” ಎಂದರು. ಮೆಟ್ಟಿಲು ಇಳಿದವರು ತಿರುಗಿ ನಿಂತು ಕೇಳಿದರು:

“ಪಾಪ, ಆ ಹುಡ್ಗ ಪಾಸ್ ಆಯ್ನಾ?”

ನಾನು ಕಾಗದ ಮಡಚಿ ಕಿಸೆಗೆ ಹಾಕಿಕೊಂಡೆ.

ರಾಜೀವಕ್ಕ — ಈಗ ಓದುತ್ತೇನೆ. ಕೇಳಿ. ಈ ಸಲ ಇದ್ದದ್ದನ್ನು ಇದ್ದ ಹಾಗೇ ಓದುತ್ತೇನೆ.

‘ಸರ್ಕಾರದ ಸನ್ನಿಧಾನಕ್ಕೆ ಊರಿನ ಹಿತೈಷಿಯ ಅರಿಕೆ. ಇಲ್ಲಿಯ ಶಾಲಾ ಮಾಸ್ತರ ಚಂದಯ್ಯ ಎಂಬವರು ಬಾರ್ಲಿ ತಂದು ಸಂಜೆ ಬಾಗಿಲು ಮುಚ್ಚಿ ಪಾನನಿರೋಧಕ್ಕೆ ವಿರುದ್ಧವಾದ ಗುಟ್ಟಿನ ಕೆಲಸ ಮಾಡುತ್ತಾರೆ. ಒಳಕೋಣೆಯಲ್ಲಿ ಬೀರು ಇದೆ. ಇವರು ಅಕ್ಷರ ಕಲಿಸುವ ಜನ. ಆದುದ್ದರಿಂದ ಕೂಡಲೇ ಬಂದು ಪರಿಶೀಲಿಸಬೇಕು.’

ಕೆಳಗೆ ಹೆಸರಿಲ್ಲ. ಈಗ ಹಾಕುತ್ತಿದ್ದೇನೆ. ರತ್ನಾಕರ, ಸಹಶಿಕ್ಷಕ.

ನೀವು ಕೇಳಿದಿರಲ್ಲ ಅಕ್ಕ — ಇಲ್ಲ, ಆ ಹುಡುಗ ಪಾಸಾಗಲಿಲ್ಲ. ಹನ್ನೊಂದು ವರ್ಷ ಒಂದೇ ಕ್ಲಾಸಿನಲ್ಲಿ ಕುಳಿತ. ಮಾಷ್ಟ್ರು ಅವನ ತಪ್ಪಿಗೆ ಸೊನ್ನೆ ಸುತ್ತಿ, ಯಾರಿಗೂ ತೋರಿಸದೆ, ತಮ್ಮ ಎದೆಯ ಹತ್ತಿರದ ಕಿಸೆಯಲ್ಲಿ ಇಟ್ಟುಕೊಂಡು ಹೋದರು. ಅವನು ನಿಮ್ಮ ಪಾಠವನ್ನು ಬಕಾರಕ್ಕೇ ನಿಲ್ಲಿಸಿದ. ನಿಮ್ಮ ಗಂಡ ಬರೆದಿಟ್ಟದ್ದೇನಾದರೂ ಆ ಕಪಾಟಿನಲ್ಲಿ ಇನ್ನೂ ಇದ್ದರೆ, ಅದನ್ನು ಓದಿಸಲು ನೀವು ಇನ್ನೊಬ್ಬರ ಮನೆ ಮೆಟ್ಟಿಲು ಹತ್ತಬೇಕಾದದ್ದು ಅವನಿಂದ. ಇದಕ್ಕೆ ಕ್ಷಮೆ ಕೇಳುವ ಮುಖವೂ ಅವನಿಗಿಲ್ಲ.

ಸಭಿಕರೇ, ಕ್ರಮದಂತೆ ನಾವು ಎದ್ದು ನಿಂತು ಮೌನ ಆಚರಿಸಬೇಕು. ಐತ, ನೀನು ಒಂದು ನಿಮಿಷ ಕಳೆದು ಗಂಟೆ ಹೊಡಿ. ಎಲ್ಲರೂ ದಯವಿಟ್ಟು ಏಳಿ. ರಾಜೀವಕ್ಕ, ನೀವು ಏಳಬೇಡಿ, ಕುಳಿತಿರಿ. ಗಂಟೆ ಹೊಡೆದ ಮೇಲೆ ಉಳಿದವರೆಲ್ಲ ಕುಳಿತುಕೊಳ್ಳಿ.

ತಪ್ಪು ಬರೆದವನು ಮಾಷ್ಟ್ರು ಕುಳಿತುಕೋ ಎನ್ನುವವರೆಗೆ ನಿಂತಿರಬೇಕು, ಇದು ಈ ಶಾಲೆಯ ಕ್ರಮ. ಮಾಷ್ಟ್ರು ಈಗ ಇಲ್ಲ. ನಾನು ನಿಂತಿರುತ್ತೇನೆ.